ಕದಂ ಕದಂ ಕಲಿಸಿದ ಬ್ಯಾಂಡ್ ಮಾಸ್ಟರ್: ಐದು ವಾರದ ತರಬೇತಿ ಹೇಗಿತ್ತು

ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಪಿಟಿ ಮೇಷ್ಟ್ರು. ಈ ಸಲ ಆಗಸ್ಟ್ 15ಕ್ಕೆ ಮಕ್ಕಳ ಕೈಲಿ ‘ಕದಂ ಕದಂ ಬಢಾಯೇ ಜಾ’ ನುಡಿಸಲೇಬೇಕು ಅಂತ ಹಟ ಹಿಡಿದೆ. ಪೇಟೆಯಿಂದ ಒಬ್ಬ ಬ್ಯಾಂಡ್ ಮಾಸ್ಟರನ್ನು ಐದು ವಾರಕ್ಕೆ ಕರೆಸಿದೆವು. ದಿನಕ್ಕೆ ಒಂದು ಗಂಟೆ, ಒಟ್ಟು 22,000 ರೂಪಾಯಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಮೊದಲ ವಾರ ಅವರು ವಾದ್ಯ ಮುಟ್ಟಲು ಬಿಡಲೇ ಇಲ್ಲ. ಹಾಡುತ್ತಾ ಮೈದಾನ ಸುತ್ತಬೇಕು, ಅಷ್ಟೇ. ‘ಕ’ ಲಘು, ‘ದಂ’ ಗುರು. ಆ ‘ದಂ’ಗೆ ಸರಿಯಾಗಿ ಕಾಲು ನೆಲಕ್ಕೆ ಬೀಳಬೇಕು. ನಡೆಯುವುದಕ್ಕೆಂದೇ ಹುಟ್ಟಿದ ಹಾಡು ಇದು ಅಂತ ಮಕ್ಕಳಿಗೆ ಆಗಲೇ ಗೊತ್ತಾಯಿತು.

ಹಾಡಿನ ಕತೆಯನ್ನೂ ಹೇಳಿದರು. ಸಾಹಿತ್ಯ ವಂಶೀಧರ ಶುಕ್ಲರದು. ಧಾಟಿ ಕೊಟ್ಟವರು ಧರ್ಮಶಾಲಾದಲ್ಲಿ ಹುಟ್ಟಿದ ರಾಮ್ ಸಿಂಗ್ ಠಾಕುರಿ. ಬ್ರಿಟಿಷರ ಗೂರ್ಖಾ ಪಡೆಯಲ್ಲಿದ್ದವರು, ಜಪಾನಿಯರಿಗೆ ಸೆರೆಸಿಕ್ಕು, ಆಮೇಲೆ ಆಜಾದ್ ಹಿಂದ್ ಫೌಜ್ ಸೇರಿದರು. ನೇತಾಜಿ ಅವರಿಗೆ ಒಂದು ಪಿಟೀಲು ಕೊಟ್ಟಿದ್ದರು. ಬ್ರಿಟಿಷರು ಈ ಹಾಡನ್ನು ನಿಷೇಧಿಸಿದ್ದರು ಅಂದಾಗ ಸೈಡ್ ಡ್ರಮ್ಮಿನ ಹುಡುಗಿ ಕೇಳಿದಳು: “ಸಾರ್, ಹಾಡಿಗೂ ಹೆದರ್ತಿದ್ರಾ?” ಅವತ್ತಿನಿಂದ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಈಗ ಅದೇ ಧಾಟಿಗೆ ನಮ್ಮ ಸೇನೆ ಹೆಜ್ಜೆ ಹಾಕುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ವಾದ್ಯಗಳನ್ನು ಹೊಂದಿಸಿದ ರೀತಿ. ದೊಡ್ಡ ಡ್ರಮ್ಮಿನ ಪೆಟ್ಟು ಎಡಗಾಲಿಗೆ. ಮೊದಲ ಸುತ್ತು ಬರೀ ಕೊಳಲು, ಎರಡನೇ ಸುತ್ತಿಗೆ ನಾಲ್ಕು ಟ್ರಂಪೆಟ್. ಸಾಲು ಮುಗಿದು ಟ್ರಂಪೆಟ್ ಹುಡುಗರು ಉಸಿರು ಎಳೆದುಕೊಳ್ಳುವಾಗ ಮಾಸ್ಟರ್ ತಾವೇ ಯುಫೋನಿಯಂ ಅನ್ನುವ ದಪ್ಪ ದನಿಯ ಹಿತ್ತಾಳೆ ವಾದ್ಯ ಹಿಡಿದು ಕೆಳಗಿನ ಸ್ವರದಲ್ಲಿ ಆ ಜಾಗ ತುಂಬುತ್ತಿದ್ದರು. ಮೈ ಜುಮ್ಮೆನ್ನುತ್ತಿತ್ತು. ಕ್ವಿಕ್ ಮಾರ್ಚಿಗೆ ನಿಮಿಷಕ್ಕೆ 120 ಹೆಜ್ಜೆ. ಎಂಟನೇ ಕ್ಲಾಸಿನ ಪುಟ್ಟ ಕಾಲುಗಳಿಗೆ ಅದು ಓಟವಾಗುತ್ತದೆ ಅಂತ 112ಕ್ಕೆ ಇಳಿಸಿದರು. ಎಷ್ಟೋ ಬ್ಯಾಂಡಿನವರು ಇದನ್ನು ಮದುವೆ ದಿಬ್ಬಣದ ಹಾಗೆ ಬಾರಿಸಿಬಿಡುತ್ತಾರೆ. ಇವರು ಸುಮ್ನೆ ಅಲಂಕಾರ ಸೇರಿಸಲಿಲ್ಲ.

ಕೊರತೆಯೂ ಇತ್ತು. ಡ್ರಮ್ ಬಾಡಿಗೆ 3,000 ಬೇರೆ ಅಂತ ಮೊದಲೇ ಹೇಳಲಿಲ್ಲ. ತಂದ ಟ್ರಂಪೆಟ್‌ಗಳಲ್ಲಿ ಎರಡರ ವಾಲ್ವ್ ಅಂಟಿಕೊಂಡಿತ್ತು. ಬದಲಿಸಿ ಕೊಡುವಷ್ಟರಲ್ಲಿ ಮೂರು ದಿನ ಹೋಯಿತು, ಆ ಇಬ್ಬರು ಹುಡುಗರ ಮುಖ ನೋಡಲಾಗಲಿಲ್ಲ.

ಮುಂದಿನ ವರ್ಷಕ್ಕೂ ಇವರನ್ನೇ ಕೇಳಿದ್ದೇವೆ. ನೀವೂ ಕರೆಸುವುದಾದರೆ ಜುಲೈ ಮೊದಲ ವಾರವೇ ಶುರು ಮಾಡಿಸಿ. ವಾದ್ಯಗಳನ್ನು ಊದಿ ನೋಡಿಯೇ ಇಳಿಸಿಕೊಳ್ಳಿ.