ಮೂರು ತಿಂಗಳಲ್ಲಿ 6ಜಿ ವೆಲ್ಡರ್, ಗಲ್ಫ್‌ನಲ್ಲಿ ಕೆಲಸ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ದುಡ್ಡು ಕಟ್ಟುವ ಮೊದಲು ಓದಿ

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂದ ಕೂಡಲೇ ನಮ್ಮ ಕಡೆ ಬಸ್ ಸ್ಟ್ಯಾಂಡ್ ಕಂಬಗಳ ಮೇಲೆ, ಜೆರಾಕ್ಸ್ ಅಂಗಡಿ ಗೋಡೆಗಳ ಮೇಲೆ ಒಂದು ಥರದ ಪೋಸ್ಟರ್ ಶುರುವಾಗುತ್ತದೆ. ಮೂರೇ ತಿಂಗಳ ವೆಲ್ಡಿಂಗ್ ಕೋರ್ಸ್, ಅಂತರರಾಷ್ಟ್ರೀಯ 6ಜಿ ಸರ್ಟಿಫಿಕೇಟ್ (ಓರೆಯಾಗಿ ಬಿಗಿದ ಪೈಪನ್ನು ವೆಲ್ಡ್ ಮಾಡುವ ಕಷ್ಟದ ಟೆಸ್ಟ್ ಅದು), ನೂರಕ್ಕೆ ನೂರು ಫಾರಿನ್ ಕೆಲಸ. ಕೆಳಗೆ ಒಂದು ಮೊಬೈಲ್ ನಂಬರ್. ಹೊಸನಗರ, ರಿಪ್ಪನ್‌ಪೇಟೆ, ಸೊರಬ, ತೀರ್ಥಹಳ್ಳಿ ಕಡೆಯ ಹುಡುಗರು ಆ ನಂಬರ್ ಹಿಡಿದು ಶಿವಮೊಗ್ಗಕ್ಕೆ ಬರುತ್ತಾರೆ. ನನ್ನ ತಮ್ಮನೂ ಹಾಗೇ ಹೋಗಿ ಸೇರಿದ. ಒಂದು ಲಕ್ಷಕ್ಕೂ ಜಾಸ್ತಿ ಹೋಯಿತು.

ಆ ಸಂಸ್ಥೆಯ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ, ಅದು ನಡೆಯುತ್ತಿದೆ. ಇಂಥವರಿಗೆ ಒಂದು ಬೋರ್ಡ್ ಇಳಿಸಿ ಇನ್ನೊಂದು ಬೋರ್ಡ್ ಏರಿಸುವುದು ಕಷ್ಟವೇನಲ್ಲ. ಹಾಗಾಗಿ ಅವರು ಹೇಗೆ ಮಾಡುತ್ತಾರೆ ಅನ್ನುವುದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ತಮ್ಮನಿಗೆ ಈ ಕೆಲಸದ ಮೇಲೆ ಆಸೆ ಇದ್ದದ್ದು ನಿಜ. ಅಡಿಕೆ ಸುಲಿಯುವ ಮೆಷಿನ್ನಿನ ಫ್ರೇಮ್ ಬಿಟ್ಟುಕೊಂಡರೆ, ಟಿಲ್ಲರ್ ಟ್ರೈಲರ್‌ನ ಕೊಂಡಿ ಮುರಿದರೆ, ಊರಿನ ವೆಲ್ಡಿಂಗ್ ಶಾಪಿಗೆ ಹೊತ್ತುಕೊಂಡು ಹೋಗುವವನು ಇವನೇ. ಅಲ್ಲೇ ಕೂತು ಸಂಜೆವರೆಗೆ ನೋಡುತ್ತಿದ್ದ. ಎಸ್ಸೆಸ್ಸೆಲ್ಸಿ ಪಾಸಾದ, ಪಿಯುಸಿಯಲ್ಲಿ ಎರಡು ಸಬ್ಜೆಕ್ಟ್ ಉಳಿಯಿತು. "ಅಕ್ಕಾ, ನಾನು ವೆಲ್ಡಿಂಗೇ ಕಲೀತೀನಿ" ಅಂದಾಗ ನನಗೂ ಖುಷಿಯಾಗಿತ್ತು. ಒಳ್ಳೆಯ ವೆಲ್ಡರ್‌ಗೆ ಎಲ್ಲಿ ಹೋದರೂ ಅನ್ನ ಇದೆ. ಅದನ್ನು ಇವತ್ತಿಗೂ ನಂಬುತ್ತೇನೆ. ಈ ಕೆಲಸವನ್ನು ನಿಜವಾಗಿ ಇಷ್ಟಪಡುವ ಹುಡುಗರನ್ನೇ ಇವರು ಹಿಡಿಯುತ್ತಾರಲ್ಲ, ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಅದಕ್ಕೇ.

ಫೀಸು ಅರವತ್ತೈದು ಸಾವಿರ. ಅಪ್ಪ ಅಡಿಕೆ ಮಂಡಿಯಲ್ಲಿ ಮುಂಗಡ ತಂದು ಕಟ್ಟಿದರು. ರಸೀದಿ ಕೊಟ್ಟಿದ್ದು ಇಪ್ಪತ್ತೈದು ಸಾವಿರಕ್ಕೆ ಮಾತ್ರ. "ಉಳಿದಿದ್ದು ಮೆಟೀರಿಯಲ್ ಚಾರ್ಜು, ಅದಕ್ಕೆ ಬಿಲ್ ಬರಲ್ಲ ಯಜಮಾನ್ರೇ" ಅಂದರಂತೆ. ಆ ಮೆಟೀರಿಯಲ್ ಎಷ್ಟು ಅಂತ ಆಮೇಲೆ ಗೊತ್ತಾಯಿತು. ಒಬ್ಬ ಹುಡುಗನಿಗೆ ದಿನಕ್ಕೆ ನಾಲ್ಕೈದು ರಾಡ್, ಅಂದರೆ ವೆಲ್ಡ್ ಮಾಡುವಾಗ ಉರಿದು ಕರಗುವ ಕಡ್ಡಿ. ಇಡೀ ಬ್ಯಾಚಿಗೆ ಎರಡು ಮೆಷಿನ್. ಒಬ್ಬ ಹೊಡೆಯುವಾಗ ಉಳಿದವರು ಮೊಬೈಲ್ ನೋಡುತ್ತಾ ಕೂರಬೇಕು. ಟಿಗ್ ಅನ್ನುವ ವೆಲ್ಡಿಂಗ್ ಮೆಷಿನ್ ಇತ್ತು, ಅದಕ್ಕೆ ಬೇಕಾದ ಆರ್ಗಾನ್ ಗ್ಯಾಸಿನ ಸಿಲಿಂಡರ್ ಇರಲಿಲ್ಲ. ತಂತಿ ಹಾಕಿ ವೆಲ್ಡ್ ಮಾಡುವ ಸಿಓಟೂ ಮೆಷಿನ್ ಮೇಲೆ ಹೊದೆಸಿದ್ದ ಪ್ಲಾಸ್ಟಿಕ್ ಕವರ್ ಕೋರ್ಸ್ ಮುಗಿಯುವವರೆಗೂ ತೆಗೆದಿಲ್ಲ.

ವೆಲ್ಡಿಂಗ್ ಅಂದರೆ ಕೈ ಪಳಗುವ ಕೆಲಸ. ರಾಡ್ ಉರಿಯುತ್ತಾ ಚಿಕ್ಕದಾಗುತ್ತದೆ, ಆದರೆ ತುದಿಗೂ ಪ್ಲೇಟಿಗೂ ನಡುವಿನ ಅಂತರ ಒಂದೇ ಸಮ ಇರಬೇಕು. ಅದರ ಜೊತೆಗೇ ಕೈ ಒಂದೇ ವೇಗದಲ್ಲಿ ಮುಂದೆ ಸಾಗಬೇಕು. ಕೆ.ಜಿ.ಗಟ್ಟಲೆ ರಾಡ್ ಸುಡದೆ ಅದು ಯಾರಿಗೂ ಬರುವುದಿಲ್ಲ. ಹಾಗಾಗಿ ಯಾವುದೇ ತರಬೇತಿ ಕೇಂದ್ರಕ್ಕೆ ಹೋದರೆ ಎಸಿ ರೂಮು, ಪ್ರೊಜೆಕ್ಟರ್ ನೋಡಬೇಡಿ. ನನ್ನ ಮಗ ದಿನಕ್ಕೆ ಎಷ್ಟು ರಾಡ್ ಸುಡುತ್ತಾನೆ, ಎಷ್ಟು ಜನಕ್ಕೆ ಒಂದು ಬೂತ್, ಹೊಡೆದ ಪೀಸನ್ನು ಯಾರು ಒಡೆದು ನೋಡುತ್ತಾರೆ ಅಂತ ಕೇಳಿ. ಉತ್ತರ ತಡವರಿಸಿದರೆ ವಾಪಸ್ ಬನ್ನಿ.

ರಾಡ್ ಇಟ್ಟಿರುವ ಜಾಗವನ್ನೂ ನೋಡಿ. 7018 ನಂಬರಿನ ರಾಡನ್ನು ಒಣಗಿಸಿ, ಬಿಸಿ ಒವನ್ನಿನಲ್ಲಿ ಇಟ್ಟು ಬಳಸಬೇಕು. ಅದರ ಮೇಲಿನ ಲೇಪ ತೇವ ಎಳೆದುಕೊಂಡರೆ ವೆಲ್ಡಿನ ಒಳಗೆ ತೂತು ಬೀಳುತ್ತದೆ, ಗಟ್ಟಿ ಉಕ್ಕಾದರೆ ಆಮೇಲೆ ಬಿರುಕೂ ಬಿಡಬಹುದು. ನಮ್ಮ ಮಲೆನಾಡಿನ ಆಷಾಢದ ಮಳೆಯಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಯೇ ಬೂಷ್ಟು ಹಿಡಿಯುತ್ತದೆ. ಅಂಥದ್ದರಲ್ಲಿ ಅಲ್ಲಿ ಒಡೆದ ಪ್ಯಾಕೆಟ್ ಕಿಟಕಿ ಪಕ್ಕ ಬಿದ್ದಿರುತ್ತಿತ್ತು. ನೆಲ ಒದ್ದೆ, ಹುಡುಗರ ಕಾಲಲ್ಲಿ ಹವಾಯಿ ಚಪ್ಪಲಿ. ಕರೆಂಟಿನ ಹೋಲ್ಡರ್ ಹಿಡಿದು ಮಾಡುವ ಕೆಲಸ ಇದು!

ಮೊದಲ ವಾರವೇ ಒಂದು ರಾತ್ರಿ ತಮ್ಮ ಫೋನ್ ಮಾಡಿ ಅತ್ತ. ಕಣ್ಣಿಗೆ ಮರಳು ಎರಚಿದ ಹಾಗೆ ಆಗ್ತಿದೆ, ಬಿಡೋಕೆ ಆಗ್ತಿಲ್ಲ ಅಂದ. ವೆಲ್ಡಿಂಗ್ ಕಿಡಿಯ (ಆರ್ಕ್) ಬೆಳಕಿನ ನೇರಳಾತೀತ ಕಿರಣಕ್ಕೆ ಕಣ್ಣು ಸುಟ್ಟರೆ ಆ ಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ, ಕೆಲವು ಗಂಟೆ ಬಿಟ್ಟು ಉರಿ ಶುರುವಾಗುತ್ತದೆ. ಇಬ್ಬರಿಗೆ ಒಂದೇ ಶೀಲ್ಡ್ ಕೊಟ್ಟಿದ್ದರು. ಪಕ್ಕದಲ್ಲಿ ನಿಂತವನು ಬರಿಗಣ್ಣಲ್ಲೇ ನೋಡಬೇಕು. ಆಲೂಗಡ್ಡೆ ಹೋಳು ಕಟ್ಟಿಕೋ ಅಂದರಂತೆ ಮಾಸ್ಟರ್. ದಯವಿಟ್ಟು ಹಾಗೆ ಮಾಡಬೇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ಒಬ್ಬೊಬ್ಬರಿಗೂ ಒಂದೊಂದು ಶೀಲ್ಡ್, ಚರ್ಮದ ಕೈಗವಸು, ಶೂ ಇಲ್ಲದ ಕಡೆ ಮಕ್ಕಳನ್ನು ಒಂದು ದಿನವೂ ಬಿಡಬೇಡಿ.

ಈಗ ಆ 6ಜಿ ವಿಷಯ. ಪ್ಲೇಟನ್ನು ಮಲಗಿಸಿ ಹೊಡೆದರೆ 1ಜಿ. ಪ್ಲೇಟನ್ನು ನಿಲ್ಲಿಸಿದಾಗ ಜೋಡಣೆ ಅಡ್ಡಕ್ಕಿದ್ದರೆ 2ಜಿ, ಮೇಲಿಂದ ಕೆಳಕ್ಕಿದ್ದರೆ 3ಜಿ. ತಲೆ ಮೇಲೆ ಹೊಡೆದರೆ 4ಜಿ. 5ಜಿಯಲ್ಲಿ ಪೈಪು ಅಡ್ಡ ಮಲಗಿರುತ್ತದೆ, ತಿರುಗಿಸುವ ಹಾಗಿಲ್ಲ. 6ಜಿ ಅಂದರೆ ಅದೇ ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು, ವೆಲ್ಡರೇ ಸುತ್ತ ಬಾಗಿ, ಬಗ್ಗಿ ಪೂರ್ತಿ ಮುಗಿಸಬೇಕು. ವರ್ಷಗಟ್ಟಲೆ ಕೆಲಸ ಮಾಡಿದವರೂ ಇದರಲ್ಲಿ ಫೇಲಾಗುತ್ತಾರೆ. ರಾಡ್ ಹಿಡಿಯಲು ಆಗಷ್ಟೇ ಕಲಿತ ಹುಡುಗನಿಗೆ ಮೂರು ತಿಂಗಳಲ್ಲಿ ಅದನ್ನು ಕೊಡುತ್ತೇವೆ ಅಂದರೆ ಅದು ಕಾಗದ ಮಾತ್ರ.

ಅವರು ಮಾಡಿದ್ದೂ ಅದನ್ನೇ. ಕೊನೆಯ ದಿನ ಬೇರೆ ಯಾರೋ ಹೊಡೆದಿದ್ದ ಒಂದು ಪೈಪ್ ಪೀಸ್ ತಂದರು. ಅದೇ ಪೀಸನ್ನು ಒಬ್ಬೊಬ್ಬ ಹುಡುಗನ ಕೈಗೂ ಕೊಟ್ಟು ಫೋಟೋ ತೆಗೆದರು. ಆ ಫೋಟೋ ಅಂಟಿಸಿದ, ಬಂಗಾರದ ಬಣ್ಣದ ಸೀಲಿನ ಸರ್ಟಿಫಿಕೇಟ್ ಎಲ್ಲರಿಗೂ ಸಿಕ್ಕಿತು.

ಅದನ್ನು ಹಿಡಿದುಕೊಂಡು ತಮ್ಮ ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಒಂದು ಫ್ಯಾಬ್ರಿಕೇಶನ್ ಶಾಪಿಗೆ ಕೆಲಸ ಕೇಳಲು ಹೋದ. ಜೊತೆಗೆ ನಾನೂ ಹೋಗಿದ್ದೆ. ಅಲ್ಲಿನ ಫೋರ್‌ಮನ್ ಸರ್ಟಿಫಿಕೇಟ್ ಕಡೆ ನೋಡಲೇ ಇಲ್ಲ. ಹತ್ತು ಎಂಎಂನ ಎರಡು ಪ್ಲೇಟ್ ಕೊಟ್ಟು, ನಿಲ್ಲಿಸಿ 3ಜಿ ಹೊಡಿ ಅಂದರು. ತಮ್ಮ ಹೊಡೆದ. ವೆಲ್ಡ್ ಮೇಲೆ ಕೂತ ಕಿಟ್ಟ (ಸ್ಲ್ಯಾಗ್) ಕುಟ್ಟಿ, ಬ್ರಷ್ ಹಾಕಿದ ಮೇಲೆ ನನ್ನ ಕಣ್ಣಿಗೆ ಚೆನ್ನಾಗೇ ಕಂಡಿತು. ಫೋರ್‌ಮನ್ ಅದರಲ್ಲಿ ಒಂದು ಪಟ್ಟಿ ಕತ್ತರಿಸಿ ವೈಸಿಗೆ ಸಿಕ್ಕಿಸಿ ಸುತ್ತಿಗೆಯಲ್ಲಿ ಎರಡು ಏಟು ಹಾಕಿದರು. ಪಟ್ಟಿ ಬಗ್ಗಲಿಲ್ಲ, ನಡುವೆಯೇ ಕಡಿದು ಬಿತ್ತು. ಒಳಗೆ ಕಪ್ಪು ಸ್ಲ್ಯಾಗ್ ಗೆರೆ, ರೂಟಿನಲ್ಲಿ, ಅಂದರೆ ಜೋಡಣೆಯ ತಳದಲ್ಲಿ, ಎರಡು ಪ್ಲೇಟ್ ಕೂಡಿಯೇ ಇರಲಿಲ್ಲ. "ಕೈ ಇದೆ ಹುಡುಗನಿಗೆ, ಕಲಿಸಿದವರಿಲ್ಲ ಅಷ್ಟೇ" ಅಂದರು. ಬೈಯಲಿಲ್ಲ. ಅರ್ಧ ಗಂಟೆ ಕೂರಿಸಿಕೊಂಡು ಎಲ್ಲಾ ವಿವರಿಸಿದರು. ಅವರ ಉಪಕಾರ ಮರೆಯುವ ಹಾಗಿಲ್ಲ.

ಅವರು ಹೇಳಿದ್ದರಲ್ಲಿ ಎಲ್ಲರೂ ತಿಳಿಯಬೇಕಾದದ್ದು ಇದು. ಬಾಯ್ಲರ್, ಪ್ರೆಶರ್ ಪೈಪಿನ ಕೆಲಸಕ್ಕೆ ಜಾಸ್ತಿ ಕಡೆ ಬಳಸುವುದು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ನಿಯಮಾವಳಿ, ಎಎಸ್‌ಎಂಇ ಕೋಡಿನ ಸೆಕ್ಷನ್ 9. ಅದರ ಪ್ರಕಾರ ವೆಲ್ಡರನ್ನು ಟೆಸ್ಟ್ ಮಾಡಿ ಒಪ್ಪಿಕೊಳ್ಳುವ ಜವಾಬ್ದಾರಿ ಕೆಲಸ ಮಾಡಿಸುವ ಕಂಪನಿಯದ್ದು. ಟೆಸ್ಟ್ ಪೀಸನ್ನು ಬಗ್ಗಿಸಿಯೋ ಎಕ್ಸ್‌ರೇ ತೆಗೆದೋ ನೋಡುತ್ತಾರೆ. ಒಮ್ಮೆ ಪಾಸಾದವನೂ ಆರು ತಿಂಗಳು ಆ ಬಗೆಯ ವೆಲ್ಡಿಂಗ್ ಮಾಡದೇ ಇದ್ದರೆ ಅರ್ಹತೆ ಹೋಗುತ್ತದೆ. ಹೀಗಿರುವಾಗ ಜೀವನಪೂರ್ತಿ ನಡೆಯುವ, ಜಗತ್ತಿನಲ್ಲೆಲ್ಲಾ ಒಪ್ಪುವ ಸರ್ಟಿಫಿಕೇಟ್ ಯಾರು ಕೊಡುತ್ತಾರೆ ಹೇಳಿ?

ಇಷ್ಟಾದ ಮೇಲೆ ಅವರ ಎರಡನೇ ಆಟ ಅರ್ಥವಾಯಿತು. ಕೋರ್ಸ್ ಮುಗಿಯುವ ಮೊದಲೇ ಫಾರಿನ್ ಪ್ಯಾಕೇಜ್ ಅಂತ ನಲವತ್ತು ಸಾವಿರ ಅಡ್ವಾನ್ಸ್ ಇಸಿದುಕೊಂಡಿದ್ದರು. ಪಾಸ್‌ಪೋರ್ಟು, ಒರಿಜಿನಲ್ ಮಾರ್ಕ್ಸ್ ಕಾರ್ಡು ಎರಡೂ ಅವರ ಬೀರುವಿನಲ್ಲಿ. ಇನ್ನೂ ಎಂಬತ್ತು ಸಾವಿರ ಕಟ್ಟಿದರೆ ದುಬೈಗೆ ವಿಸಿಟ್ ವೀಸಾದಲ್ಲಿ ಕಳಿಸ್ತೀವಿ, ಅಲ್ಲಿ ಹೋದಮೇಲೆ ಬದಲಾಯಿಸಿಕೊಳ್ಳಬಹುದು ಅಂದರು. ನಾವು ಅಲ್ಲಿಗೇ ನಿಲ್ಲಿಸಿದೆವು.

ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಮಾಡಿದರೆ ಅಲ್ಲಿ ಅದು ಅಪರಾಧ. ಸಂಬಳ ಕೊಡದಿದ್ದರೂ ಕೇಳುವ ಬಾಯಿ ಇರುವುದಿಲ್ಲ. ಹೊರದೇಶದ ಕೆಲಸಕ್ಕೆ ಜನ ಕಳಿಸುವವರು 1983ರ ವಲಸೆ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದಿಂದ ಲೈಸೆನ್ಸ್ ಪಡೆದಿರಬೇಕು. ಲೈಸೆನ್ಸ್ ಇರುವವರ ಪಟ್ಟಿ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಜಾಲತಾಣದಲ್ಲಿದೆ, ಯಾರು ಬೇಕಾದರೂ ನೋಡಬಹುದು. ನಾವು ಹುಡುಕಿದೆವು, ಇವರ ಹೆಸರು ಅದರಲ್ಲಿ ಇರಲಿಲ್ಲ. ಲೈಸೆನ್ಸ್ ಇರುವ ಏಜೆಂಟ್ ಕೂಡ ಸೇವಾ ಶುಲ್ಕ ಅಂತ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಹತ್ತನೇ ಕ್ಲಾಸ್ ಪಾಸಾಗದ ಹುಡುಗರು ಇನ್ನೂ ಹುಷಾರಾಗಿರಬೇಕು. ಅವರ ಪಾಸ್‌ಪೋರ್ಟಿಗೆ ಗಲ್ಫ್ ದೇಶಗಳ ಕೆಲಸಕ್ಕೆ ಹೋಗುವ ಮೊದಲು ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಸರ್ಕಾರದ ಅನುಮತಿ ಬೇಕು. ವಿಸಿಟ್ ವೀಸಾ ತೋರಿಸಿ ಅದನ್ನು ತಪ್ಪಿಸುವುದೇ ಇಂಥ ಏಜೆಂಟರ ದಾರಿ.

ಪಾಸ್‌ಪೋರ್ಟನ್ನು ಯಾರ ಕೈಗೂ ಕೊಟ್ಟು ಬರಬೇಡಿ. ಅದು ಭಾರತ ಸರ್ಕಾರದ ಸ್ವತ್ತು ಅಂತ ಅದರಲ್ಲೇ ಅಚ್ಚಾಗಿದೆ. ನಾವು ಸ್ಟೇಷನ್ನಿಗೆ ಹೋಗಿ ಬರೆದುಕೊಟ್ಟ ಮೇಲೆ ಪಾಸ್‌ಪೋರ್ಟು, ಮಾರ್ಕ್ಸ್ ಕಾರ್ಡು ವಾಪಸ್ ಬಂದವು. ದುಡ್ಡು ಬಂದಿಲ್ಲ. ಮಂಡಿ ಸಾಲ ಈ ಸಲದ ಕೊಯ್ಲಿನಲ್ಲಿ ಕಳೆಯಬೇಕು ಅಂತ ಅಪ್ಪ ಹೇಳುತ್ತಿದ್ದಾರೆ.

ಹಾಗಾದರೆ ಹುಡುಗರು ಎಲ್ಲಿ ಕಲಿಯಬೇಕು? ಐಟಿಐಯಲ್ಲಿ ವೆಲ್ಡರ್ ಟ್ರೇಡ್ ಒಂದೇ ವರ್ಷದ್ದು, ಎಂಟನೇ ಕ್ಲಾಸ್ ಪಾಸಾಗಿದ್ದರೆ ಸಾಕು. ಎಸ್ಸೆಸ್ಸೆಲ್ಸಿ ಫೇಲಾಯಿತು ಅಂತ ಮನೆಯಲ್ಲಿ ಕೂತ ಹುಡುಗರಿಗೆ ಇದು ಗೊತ್ತೇ ಇಲ್ಲ. ಸರ್ಕಾರಿ ಐಟಿಐ ಫೀಸು ಇವರು ಕೇಳಿದ್ದರ ಮುಂದೆ ಲೆಕ್ಕಕ್ಕೇ ಇಲ್ಲ. ಮುಗಿಸಿದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟ್ ಸಿಗುತ್ತದೆ. ಖಾಸಗಿ ಐಟಿಐ ಆದರೆ ವೆಲ್ಡರ್ ಟ್ರೇಡಿಗೇ ಮಾನ್ಯತೆ ಇದೆಯಾ ಅಂತ ಕೇಳಿ ಸೇರಿ. ಆಮೇಲೆ ಅಪ್ರೆಂಟಿಸ್ ಆಗಿ ಕಂಪನಿಗೆ ಹೋದರೆ ಕಲಿಯುತ್ತಲೇ ತಿಂಗಳಿಗೆ ಸ್ಟೈಪೆಂಡ್ ಸಿಗುತ್ತದೆ. ಪೈಪ್ ವೆಲ್ಡಿಂಗ್, ಟಿಗ್ ಎಲ್ಲಾ ಅಲ್ಲಿಂದ ಮುಂದೆ. ದೊಡ್ಡ ಮಟ್ಟದ ತರಬೇತಿಗೆ ತಿರುಚ್ಚಿಯಲ್ಲಿ ಕೇಂದ್ರ ಸರ್ಕಾರದ ಕಂಪನಿಯಾದ ಬಿಎಚ್‌ಇಎಲ್‌ನ ವೆಲ್ಡಿಂಗ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ. ತಮ್ಮ ಈಗ ಐಟಿಐಗೆ ಸೇರಿದ್ದಾನೆ, ರಜೆಯಲ್ಲಿ ಮಾಚೇನಹಳ್ಳಿಯ ಆ ಶಾಪಿಗೆ ಹೋಗಿ ಗ್ರೈಂಡಿಂಗ್ ಮಾಡಿಕೊಡುತ್ತಾನೆ.

ನಿಮ್ಮ ಮನೆಯ ಹುಡುಗ ಈಗಾಗಲೇ ಇಂಥ ಕಡೆ ಸೇರಿಬಿಟ್ಟಿದ್ದರೆ ಇವತ್ತೇ ಪೂರ್ತಿ ದುಡ್ಡಿನ ರಸೀದಿ ಕೇಳಿ. ಇನ್ನು ಮುಂದೆ ಕ್ಯಾಶ್ ಕೊಡಬೇಡಿ. ಕೆಲಸದ ಬಗ್ಗೆ ಅವರು ಬಾಯಲ್ಲಿ ಹೇಳಿದ್ದನ್ನು ವಾಟ್ಸಾಪ್‌ನಲ್ಲಿ ಕೇಳಿ, ಉತ್ತರ ಬರೆಸಿಕೊಳ್ಳಿ. ನಮ್ಮ ದೂರಿಗೆ ಆಧಾರವಾಗಿ ನಿಂತಿರುವುದು ಆ ಅರ್ಧ ರಸೀದಿ, ಗೋಡೆ ಮೇಲಿನ ಪೋಸ್ಟರಿನ ಒಂದು ಫೋಟೋ, ಅಡ್ವಾನ್ಸ್ ಬಗ್ಗೆ ಅವರೇ ಕಳಿಸಿದ್ದ ಎರಡು ವಾಯ್ಸ್ ಮೆಸೇಜು. ಅದೇ ಬ್ಯಾಚಿನ ಇನ್ನೂ ಕೆಲವು ಹುಡುಗರ ಮನೆಯವರು ಈಗ ನಮ್ಮ ಜೊತೆ ಸೇರಿದ್ದಾರೆ.