ರೆಡಿಮೇಡ್ ಎಥೀರಿಯಂ ನೋಡ್: ಓಡೋದು ಚೆನ್ನಾಗಿ ಓಡುತ್ತೆ, ಲೈಸೆನ್ಸ್ ಮಾತ್ರ ಕೇಳಬೇಡಿ

ದೊಡ್ಡ ಕ್ಲೌಡ್ ಮಾರ್ಕೆಟ್‌ಪ್ಲೇಸ್ ಒಂದರಲ್ಲಿ ಗಂಟೆ ಲೆಕ್ಕದ ಬಾಡಿಗೆಗೆ ಸಿಗುವ ಎಥೀರಿಯಂ ನೋಡ್ ಇಮೇಜ್ ಇದು. ನೋಡ್ ಅಂದರೆ ಎಥೀರಿಯಂ ಬ್ಲಾಕ್‌ಚೈನ್ ಜಾಲದ ಒಂದು ಕಂಪ್ಯೂಟರ್, ಇಮೇಜ್ ಅಂದರೆ ಬೇಕಾದ ಸಾಫ್ಟ್‌ವೇರ್ ಎಲ್ಲ ಮೊದಲೇ ತುಂಬಿಟ್ಟ ಮೆಷಿನ್‌ನ ಪ್ರತಿ. ಮಾರುವವರ ಹೆಸರು ಬೇಡ ಬಿಡಿ. ಬೇರೆ ಯಾರ ಹತ್ತಿರ ಕೊಂಡರೂ ನೀವು ಕೆದಕಿ ನೋಡಬೇಕಾದ ಜಾಗಗಳು ಇವೇ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಮರ್ಜ್ ಅನ್ನೋ ದೊಡ್ಡ ಬದಲಾವಣೆ ಆದಮೇಲೆ ಎಥೀರಿಯಂ ನೋಡ್‌ಗೆ ಒಂದು ಸಾಫ್ಟ್‌ವೇರ್ ಸಾಲುವುದಿಲ್ಲ, ಎರಡು ಜೋಡಿಯಾಗಿ ಓಡಬೇಕು: ವಹಿವಾಟು ನಡೆಸಲು ಒಂದು, ಜಾಲದ ಜೊತೆ ಒಮ್ಮತಕ್ಕೆ ಬರಲು ಇನ್ನೊಂದು. ಇದರಲ್ಲಿ ಗೆತ್ ಮತ್ತು ಲೈಟ್‌ಹೌಸ್ ಎರಡನ್ನೂ ಸರಿಯಾಗಿ ಜೋಡಿಸಿಟ್ಟಿದ್ದಾರೆ. ಎರಡರ ನಡುವಿನ ಸೀಕ್ರೆಟ್ ಫೈಲ್ ತಾನಾಗೇ ಹುಟ್ಟುತ್ತದೆ, ಮೆಷಿನ್ ರೀಸ್ಟಾರ್ಟ್ ಆದರೆ ಎರಡೂ ತಾವೇ ಎದ್ದು ನಿಲ್ಲುತ್ತವೆ. ಡಿಸ್ಕ್ ಮಾತ್ರ ದೊಡ್ಡದು ತಗೊಳ್ಳಿ, 2 ಟಿಬಿಗೆ ಕಮ್ಮಿ ಬೇಡ.

"ಪುಕ್ಕಟೆ ಸಾಫ್ಟ್‌ವೇರ್‌ಗೆ ದುಡ್ಡು ತಗೋತಾರಲ್ಲ" ಅಂತ ಕೆಲವರ ಗೊಣಗಾಟ. ನನ್ನ ತಕರಾರು ಅದಲ್ಲ. ಗೆತ್‌ನ ಲೈಬ್ರರಿ ಭಾಗ ಎಲ್‌ಜಿಪಿಎಲ್ 3, ನಾವು ಓಡಿಸುವ ಪ್ರೋಗ್ರಾಂ ಜಿಪಿಎಲ್ 3 (ಜಿಪಿಎಲ್ ಒಂದು ಓಪನ್ ಸೋರ್ಸ್ ಲೈಸೆನ್ಸ್, ಎಲ್‌ಜಿಪಿಎಲ್ ಅದರ ಸಡಿಲ ರೂಪ). ಜಿಪಿಎಲ್ ಇರುವ ಸಾಫ್ಟ್‌ವೇರನ್ನು ಎಷ್ಟು ಬೆಲೆಗೆ ಬೇಕಾದರೂ ಮಾರಬಹುದು. ಆದರೆ ಪ್ರತಿ ಕೊಟ್ಟವನು ಲೈಸೆನ್ಸ್ ಕೂಡ ಕೊಡಬೇಕು, ಸೋರ್ಸ್ ಕೋಡ್ ಎಲ್ಲಿ ಸಿಗುತ್ತದೆ ಅಂತ ಹೇಳಬೇಕು. ಇಲ್ಲಿ ಅದೇ ಇಲ್ಲ. ಮೆಷಿನ್ ಒಳಗೆ ಹೋಗಿ ಲೈಸೆನ್ಸ್ ಇರುವ COPYING ಅನ್ನೋ ಫೈಲ್ ಹುಡುಕಿದೆ. ಲಿನಕ್ಸ್‌ನ ಪ್ಯಾಕೇಜ್‌ಗಳದ್ದು ಸಾಲುಸಾಲಾಗಿ ಬಂದವು, ಗೆತ್‌ನದು ಇಲ್ಲ. ಓಡುವ ಫೈಲ್ (ಬೈನರಿ) ಒಂದನ್ನೇ ತಂದು ಹಾಕಿ ಕೈ ತೊಳೆದುಕೊಂಡಿದ್ದಾರೆ.

ಇದಕ್ಕಿಂತ ಕೆಟ್ಟದ್ದು ಅವರ ಒಪ್ಪಂದ. ಕೊಳ್ಳುವಾಗ "ಒಪ್ಪಿದ್ದೇನೆ" ಅಂತ ಒತ್ತುತ್ತೀವಲ್ಲ, ಅದನ್ನು ಸುಮ್ನೆ ಒಮ್ಮೆ ಓದಿ. "ಈ ಉತ್ಪನ್ನವನ್ನು ನಕಲು ಮಾಡುವಂತಿಲ್ಲ, ಬದಲಾಯಿಸುವಂತಿಲ್ಲ, ಬಿಚ್ಚಿ ನೋಡುವಂತಿಲ್ಲ" ಅನ್ನೋ ಅರ್ಥದ ಸಾಲುಗಳಿವೆ. ಬೇರೆ ಯಾವುದೋ ಸಾಫ್ಟ್‌ವೇರ್‌ನ ಒಪ್ಪಂದ ತಂದು ಅಂಟಿಸಿದ ಹಾಗಿದೆ. ಜಿಪಿಎಲ್ 3ರ 10ನೇ ಕಲಮು ಇಂಥ ಹೆಚ್ಚುವರಿ ಕಟ್ಟುಪಾಡು ಹೇರಬೇಡಿ ಅನ್ನುತ್ತದೆ, ಹೇರಿದರೆ ಅದನ್ನು ತೆಗೆದುಹಾಕುವ ಹಕ್ಕು ಪಡೆದವನಿಗೆ ಇದೆ ಅಂತ 7ನೇ ಕಲಮು ಹೇಳುತ್ತದೆ. ಮನೆಯಲ್ಲಿ ಆಟ ಆಡೋರಿಗೆ ಇದರಿಂದ ಏನೂ ಆಗಲ್ಲ. ಆದರೆ ಇದೇ ಇಮೇಜನ್ನು ಕ್ಲೈಂಟ್‌ಗೆ ಒಪ್ಪಿಸಬೇಕು ಅಂದರೆ ಕಥೆ ಬೇರೆ, ಆಗ ಹಂಚುವವರು ನಾವಾಗುತ್ತೇವೆ, ಲೈಸೆನ್ಸ್ ಎಲ್ಲಿ ಅಂತ ಅವರ ಲೀಗಲ್ ಟೀಮ್ ಕೇಳೋದು ನಮ್ಮನ್ನೇ.

ಇನ್ನು ಡ್ಯಾಶ್‌ಬೋರ್ಡ್. ಚೆಂದ ಇದೆ, ಎಡಗಡೆ ಮೂಲೆಯಲ್ಲಿ ಮಾರುವವರ ಲೋಗೋ. ಒಳಗಿರೋದು ಗ್ರಫಾನಾ ಅನ್ನೋ ಓಪನ್ ಸೋರ್ಸ್ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್. ಅದು 2021ರ ಏಪ್ರಿಲ್‌ನಲ್ಲಿ ಅಪಾಚೆ ಅನ್ನೋ ಸಡಿಲ ಲೈಸೆನ್ಸ್ ಬಿಟ್ಟು, ಜಿಪಿಎಲ್‌ಗಿಂತ ಬಿಗಿಯಾದ ಎಜಿಪಿಎಲ್‌ಗೆ ಹೋಯಿತು. ಎಜಿಪಿಎಲ್ ಇರುವ ಕೋಡ್ ಬದಲಾಯಿಸಿ ನೆಟ್‌ವರ್ಕ್ ಮೇಲೆ ಬಳಸಲು ಬಿಟ್ಟರೆ, ಬಳಸುವವರಿಗೆ ಆ ಬದಲಾದ ಸೋರ್ಸ್ ಸಿಗುವ ದಾರಿ ತೋರಿಸಬೇಕು. ಲೋಗೋ ಬದಲಾಯಿಸಲು ಇವರು ಕೋಡಿಗೇ ಕೈ ಹಾಕಿದ್ದಾರೆ. ಸೋರ್ಸ್‌ನ ಲಿಂಕ್ ಎಲ್ಲೂ ಕಾಣಲಿಲ್ಲ.

ಹೆಸರಿನ ವಿಷಯವೂ ಇದೆ. ಪಟ್ಟಿಯಲ್ಲಿ "ಅಫೀಶಿಯಲ್ ಎಥೀರಿಯಂ ನೋಡ್" ಅಂತ ಹಾಕಿಕೊಂಡಿದ್ದಾರೆ. ಯಾರ ಅಫೀಶಿಯಲ್ ಸ್ವಾಮಿ? ಕೋಡ್‌ಗೆ ಸಿಗುವ ಅನುಮತಿ ಹೆಸರಿಗೂ ಸಿಗುತ್ತದೆ ಅಂತಿಲ್ಲ. ಟ್ರೇಡ್‌ಮಾರ್ಕ್ ಕೊಟ್ಟಿಲ್ಲ ಅಂತ ಅಪಾಚೆ 2.0 ಬಾಯಿಬಿಟ್ಟೇ ಹೇಳುತ್ತದೆ. ಎಲಾಸ್ಟಿಕ್‌ಸರ್ಚ್ ಅನ್ನೋ ಹುಡುಕಾಟದ ಸಾಫ್ಟ್‌ವೇರ್‌ನ ಹೆಸರಿಗಾಗಿ ಎಲಾಸ್ಟಿಕ್ ಕಂಪನಿ 2019ರಲ್ಲಿ ಅಮೆಜಾನ್ ಮೇಲೆ ಕೇಸ್ ಹಾಕಿ, 2022ರಲ್ಲಿ ರಾಜಿಯಾಯಿತು. ಅಮೆಜಾನ್‌ನಷ್ಟು ದೊಡ್ಡವರೇ ಹೆಸರು ಬದಲಾಯಿಸಿದರು, ಅಲ್ವಾ?

ಹಾಗಂತ ಇಮೇಜ್‌ಗಳ ಸಹವಾಸ ಬಿಟ್ಟು ಕ್ಲೌಡ್ ಕಂಪನಿಯೇ ನಡೆಸುವ ಸೇವೆಗೆ ಹೋಗಿ ಅಂತಲೂ ನಾನು ಹೇಳಲ್ಲ. ಅಲ್ಲಿ ಪ್ರತಿ ನಮ್ಮ ಕೈಗೆ ಬರುವುದೇ ಇಲ್ಲ, ಹಾಗಾಗಿ ಜಿಪಿಎಲ್ ತಲೆನೋವು ಕಮ್ಮಿ, ನಿಜ. ಆದರೆ ಮೈಕ್ರೋಸಾಫ್ಟ್ ತನ್ನ ಅಜೂರ್ ಬ್ಲಾಕ್‌ಚೈನ್ ಸರ್ವಿಸನ್ನು 2021ರ ಸೆಪ್ಟೆಂಬರ್ 10ಕ್ಕೆ ಮುಚ್ಚಿತು, ಕೆಲವೇ ತಿಂಗಳ ಮುಂಚೆ ಹೇಳಿ. ಒಳಗಿದ್ದದ್ದು ಕೋರಂ, ಗೆತ್‌ನಿಂದಲೇ ಕವಲೊಡೆದದ್ದು. ಅದು ಓಪನ್ ಸೋರ್ಸ್ ಆಗಿದ್ದಕ್ಕೆ ಜನ ಬೇರೆ ಕಡೆ ಎತ್ತಿಕೊಂಡು ಹೋಗಲು ದಾರಿಯಾದರೂ ಇತ್ತು.

ಮಾರುವವರಿಗೆ ಬರೆದು ಕೇಳಿದೆ. "ಇದೆಲ್ಲ ಓಪನ್ ಸೋರ್ಸ್ ಸರ್, ಏನೂ ತೊಂದರೆ ಇಲ್ಲ" ಅಂತ ಉತ್ತರ ಬಂತು. ಒಪ್ಪಂದ ಹಾಗೇ ಇದೆ.

ಕಲಿಯೋಕೆ, ಟೆಸ್ಟಿಂಗ್‌ಗೆ ಧಾರಾಳವಾಗಿ ತಗೊಳ್ಳಿ. ಕ್ಲೈಂಟ್ ಕೆಲಸಕ್ಕೆ ನಾನು ಗೆತ್, ಲೈಟ್‌ಹೌಸ್ ಬದಲು ಅದೇ ಕೆಲಸ ಮಾಡುವ ಬೇಸು ಮತ್ತು ಟೆಕು ಹಾಕಿ ಸ್ವಂತ ಇಮೇಜ್ ಮಾಡಿಕೊಂಡೆ. ಎರಡೂ ಅಪಾಚೆ 2.0, ಲೈಸೆನ್ಸ್ ಪ್ರತಿ ಒಳಗೇ ಇಟ್ಟಿದ್ದೇನೆ. ಐದಕ್ಕೆ ಎರಡೂವರೆ ಸ್ಟಾರ್, ಆ ಎರಡೂವರೆಯೂ ಜೋಡಣೆಗೆ.