ಟಿವಿ ಬಾಕ್ಸಿಗೆ ಲಿನಕ್ಸ್ ಹಾಕುವ ಮುನ್ನ: ಡಬ್ಬದ ಮೇಲಿನ ಒಂದಕ್ಷರವನ್ನೂ ನಂಬಬೇಡಿ

ಅಗ್ಗದ ಆಂಡ್ರಾಯ್ಡ್ ಟಿವಿ ಬಾಕ್ಸ್ ತಂದು, ಆಂಡ್ರಾಯ್ಡ್ ಕಿತ್ತುಹಾಕಿ, ಆರ್ಮ್‌ಬಿಯನ್ (ಆರ್ಮ್ ಚಿಪ್ಪಿನ ಪುಟ್ಟ ಬೋರ್ಡುಗಳಿಗಾಗಿ ಇರುವ ಲಿನಕ್ಸ್) ಹಾಕಿ ಪುಟ್ಟ ಸರ್ವರ್ ಮಾಡಿಕೊಳ್ಳೋಣ ಅಂತ ಹೊರಟಿದ್ದರೆ ಒಂದು ನಿಮಿಷ ನಿಲ್ಲಿ. ಆಗದ ಕೆಲಸ ಅಂತ ನಾನು ಹೇಳುತ್ತಿಲ್ಲ. ಆಗುತ್ತದೆ, ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರಿಗೆ ಆದದ್ದು ಅವರ ಕೈಯಲ್ಲಿದ್ದ ಬೋರ್ಡಿನ ಮೇಲೆ. ನಿಮಗೆ ಬರುವುದು ಅದೇ ಹೆಸರಿನ, ಅದೇ ಕವಚದ, ಒಳಗೆ ಮಾತ್ರ ಬೇರೆಯೇ ಆದ ಇನ್ನೊಂದು ಬೋರ್ಡು ಆಗಿರಬಹುದು. ನನಗೆ ಬಂದದ್ದು ಹಾಗೆಯೇ.

ಜಾಹೀರಾತಿನಲ್ಲಿ ಇದ್ದದ್ದು: ಆಮ್ಲಾಜಿಕ್ ಎಸ್905ಎಕ್ಸ್3 ಚಿಪ್, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಗಿಗಾಬಿಟ್ ಈಥರ್ನೆಟ್, ಜೊತೆಗೆ 'ಲಿನಕ್ಸ್ ಹಾಕಬಹುದು' ಎಂಬ ಒಗ್ಗರಣೆ. ಆನ್ ಮಾಡಿ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ಗೆ ಹೋದರೆ ಅಲ್ಲೂ 4 ಮತ್ತು 64. ಹಾರ್ಡ್‌ವೇರ್ ವಿವರ ತೋರಿಸುವ ಆ್ಯಪ್ ಹಾಕಿದರೆ ಅದರದ್ದೂ ಅದೇ ರಾಗ. ಅನುಮಾನ ಪಡಲು ಕಾರಣವೇ ಇರಲಿಲ್ಲ.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಪಿಸಿಯಲ್ಲಿ ಲಿನಕ್ಸ್ ಹಾಕಿ ಅಭ್ಯಾಸವಾದವರು ಪೆನ್‌ಡ್ರೈವ್ ಚುಚ್ಚಿದರೆ ಮುಗಿಯಿತು ಅಂದುಕೊಳ್ಳುತ್ತೇವೆ, ಯಾಕೆಂದರೆ ಪಿಸಿಯ ಫರ್ಮ್‌ವೇರ್ (ಯಂತ್ರದೊಳಗೇ ಬರೆದಿಟ್ಟಿರುವ ಮೂಲ ಸಾಫ್ಟ್‌ವೇರ್) ತನ್ನಲ್ಲಿ ಏನೇನಿದೆ ಎಂದು ಲಿನಕ್ಸಿನ ತಿರುಳಾದ ಕರ್ನಲ್‌ಗೆ ತಾನೇ ಹೇಳುತ್ತದೆ. ಈ ಆರ್ಮ್ ಬಾಕ್ಸುಗಳಲ್ಲಿ ಅಂಥ ವ್ಯವಸ್ಥೆ ಇಲ್ಲ. ಯಾವ ವಿಳಾಸದಲ್ಲಿ ಯಾವ ಕಂಟ್ರೋಲರ್ ಇದೆ, ಯಾವ ಪಿನ್ನಿಗೆ ವೈಫೈ ತಗುಲಿದೆ ಎಂಬುದನ್ನೆಲ್ಲ ಡಿವೈಸ್ ಟ್ರೀ ಎಂಬ ಫೈಲಿನಲ್ಲಿ ನಾವೇ ಒದಗಿಸಬೇಕು. ಆರ್ಮ್‌ಬಿಯನ್ ಇಮೇಜಿನಲ್ಲಿ (ಕಾರ್ಡಿಗೆ ಬರೆಯುವ ಇಡೀ ವ್ಯವಸ್ಥೆಯ ಫೈಲು) ಇಂಥ ಡಿವೈಸ್ ಟ್ರೀ ಫೈಲುಗಳು, ಅಂದರೆ ಡಿಟಿಬಿಗಳು, ರಾಶಿ ರಾಶಿ ಇರುತ್ತವೆ. ಅದರಲ್ಲಿ ನಿಮ್ಮ ಬೋರ್ಡಿಗೆ ಒಪ್ಪುವುದನ್ನು ಆರಿಸಿ, ಬೂಟ್ ಆಗುವಾಗ ಓದುವ ಎಕ್ಸ್‌ಟ್‌ಲಿನಕ್ಸ್ ಎಂಬ ಕಾನ್ಫಿಗ್ ಫೈಲಿನಲ್ಲಿ ಅದರ ಹೆಸರು ಬರೆಯಬೇಕು. ಅಂದರೆ ಚಿಪ್ ಯಾವುದು ಎನ್ನುವುದೇ ಸುಳ್ಳಾದರೆ ಮೊದಲ ಹೆಜ್ಜೆಯೇ ತಪ್ಪು ದಾರಿಗೆ.

ಡಬ್ಬದ ಮೇಲಿದ್ದಂತೆ ಎಕ್ಸ್3 ಚಿಪ್ಪಿನ ಡಿಟಿಬಿ ಹಾಕಿ, ಎಸ್‌ಡಿ ಕಾರ್ಡ್ ಸಿಕ್ಕಿಸಿ, ಎವಿ ಜ್ಯಾಕಿನ ತೂತಿನ ಒಳಗೆ ಅಡಗಿರುವ ರಿಸೆಟ್ ಬಟನ್ನನ್ನು ಹಲ್ಲುಕಡ್ಡಿಯಿಂದ ಒತ್ತಿ ಹಿಡಿದು ಪವರ್ ಕೊಟ್ಟರೆ ಲೋಗೋ ಬಂತು, ಹೋಯಿತು, ಆಮೇಲೆ ಕಪ್ಪು ಪರದೆ. ಕಾರ್ಡ್ ಬದಲಿಸಿದೆ, ಇಮೇಜ್ ಬದಲಿಸಿದೆ, ಎಚ್‌ಡಿಎಂಐ ಕೇಬಲ್ ಬದಲಿಸಿದೆ. ಕಪ್ಪು ಕಪ್ಪಾಗಿಯೇ ಇತ್ತು. ಇಂಥ ಹೊತ್ತಲ್ಲಿ ಪರದೆ ನೋಡುತ್ತ ಕೂತು ಊಹೆ ಮಾಡುವುದು ವ್ಯರ್ಥ. ಬೋರ್ಡು ಏಳುವಾಗ ಹೊರಹಾಕುವ ಸಂದೇಶಗಳನ್ನು ಕಂಪ್ಯೂಟರಿಗೆ ತರುವ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಒಂದು ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಬೇಡಿ ಅಂತ ನಾನಂತೂ ಹೇಳುತ್ತೇನೆ. ಬೋರ್ಡಿನ ಅಂಚಿನಲ್ಲಿ ನಾಲ್ಕು ಸಣ್ಣ ಪ್ಯಾಡ್‌ಗಳು ಇರುತ್ತವೆ. ಗ್ರೌಂಡ್, ಟಿಎಕ್ಸ್ (ಕಳಿಸುವುದು), ಆರ್‌ಎಕ್ಸ್ (ಪಡೆಯುವುದು) ಈ ಮೂರಕ್ಕೆ ಮಾತ್ರ ತಂತಿ ಜೋಡಿಸಿ, ನಾಲ್ಕನೆಯದಾದ ವಿದ್ಯುತ್ ಪ್ಯಾಡನ್ನು ಬಿಟ್ಟುಬಿಡಿ. ಸೀರಿಯಲ್ ಸಂಪರ್ಕದ ವೇಗ 115200 ಬಾಡ್. ಅಡಾಪ್ಟರ್ 3.3 ವೋಲ್ಟಿನದ್ದೇ ಆಗಿರಲಿ, 5 ವೋಲ್ಟ್ ಕೊಟ್ಟರೆ ಚಿಪ್ಪಿನ ಪಿನ್ ಸುಟ್ಟೀತು.

ಸೀರಿಯಲ್‌ನಲ್ಲಿ ಕಾಣಿಸಿದ ಮೊದಲ ಸಾಲೇ ಸಾಕಾಯಿತು. ಆಮ್ಲಾಜಿಕ್ ಚಿಪ್ಪುಗಳು ಎದ್ದ ಕೂಡಲೇ ಮೊದಲು ತಮ್ಮ ಕುಲದ ಹೆಸರನ್ನೇ ಉಗುಳುತ್ತವೆ. ಎಕ್ಸ್3 ಆಗಿದ್ದರೆ 'ಎಸ್‌ಎಂ1' ಅಂತ ಬರಬೇಕಿತ್ತು. ಬಂದದ್ದು 'ಜಿಎಕ್ಸ್‌ಎಲ್', ಅಂದರೆ ಹಿಂದಿನ ತಲೆಮಾರು. ಇನ್ನೊಂದಿಷ್ಟು ಸಾಲು ಕೆಳಗೆ ಮೆಮೊರಿಯ ಲೆಕ್ಕ: 1024 ಎಂಬಿ. ಹೊರಗೆ ಥಳುಕು, ಒಳಗೆ ಹುಳುಕು.

ಅದೇ ಜಿಎಕ್ಸ್‌ಎಲ್ ಕುಲದ ಎಸ್905ಡಬ್ಲ್ಯೂ ಚಿಪ್ಪಿನ ಪಿ281 ಎಂಬ ಡಿಟಿಬಿ ಹಾಕಿದ ಮೇಲೆ ಆರ್ಮ್‌ಬಿಯನ್ ಎದ್ದು ಕೂತಿತು. ಉಳಿದ ಬಂಡವಾಳವೂ ಬಯಲಾಯಿತು. ಕರ್ನಲ್ ಸಂದೇಶಗಳಲ್ಲಿ 'ಆಮ್ಲಾಜಿಕ್ ಮೆಸಾನ್ ಜಿಎಕ್ಸ್‌ಎಲ್' ಎಂಬ ಸಾಲು, ಪಕ್ಕದಲ್ಲೇ ಎಸ್905ಡಬ್ಲ್ಯೂ. ಸಿಪಿಯು ಮಾಹಿತಿಯಲ್ಲಿ 'ಸಿಪಿಯು ಪಾರ್ಟ್' ಎಂಬಲ್ಲಿ ಡಿ03, ಅಂದರೆ ಕಾರ್ಟೆಕ್ಸ್ ಎ53. ನಿಜವಾದ ಎಕ್ಸ್3 ಆಗಿದ್ದರೆ ಡಿ05, ಕಾರ್ಟೆಕ್ಸ್ ಎ55. ರ‍್ಯಾಮ್ ಒಂದು ಜಿಬಿಗೂ ತುಸು ಕಡಿಮೆ. ಒಳಗಿನ ಇಎಂಎಂಸಿ, ಅಂದರೆ ಬೋರ್ಡಿಗೇ ಬೆಸೆದ ಸ್ಟೋರೇಜ್ ಚಿಪ್, 8 ಜಿಬಿಯದ್ದು. ಈಥರ್ನೆಟ್ ಚಿಪ್ಪಿನೊಳಗಿನ 10/100, ಯಾವ ಸ್ವಿಚ್ಚಿಗೆ ಚುಚ್ಚಿದರೂ 100 ಎಂಬಿಪಿಎಸ್ ದಾಟುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಬೇರೆ ಲೆಕ್ಕ ಕಂಡದ್ದು ಹೇಗೆ ಅಂದರೆ, ಅಲ್ಲಿನ ಫರ್ಮ್‌ವೇರನ್ನೇ ತಿದ್ದಿ, ಕೇಳಿದವರಿಗೆಲ್ಲ 4 ಮತ್ತು 64 ಅಂತ ಹೇಳಿಸಿದ್ದಾರೆ. 64 ಅಂತ ನಂಬಿ ಫೈಲು ತುಂಬಿಸಿದ್ದರೆ ಏನಾಗುತ್ತಿತ್ತೋ ನೀವೇ ಊಹಿಸಿ.

ಇಷ್ಟಾದರೂ ಸಣ್ಣ ಸರ್ವರಿಗೆ ಒಂದು ಜಿಬಿ ಸಾಲುತ್ತದೆ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ವೈಫೈ ಬಿಡಲಿಲ್ಲ. ಒಳಗಿದ್ದದ್ದು ಎಸ್‌ಎಸ್‌ವಿ6051 ಎಂಬ ಅಗ್ಗದ ಚಿಪ್, ಇಂಥ ಬಾಕ್ಸುಗಳಲ್ಲಿ ಪದೇ ಪದೇ ಸಿಗುವಂಥದ್ದು. ಇದರ ಡ್ರೈವರ್ ಮುಖ್ಯ ಕರ್ನಲ್‌ನಲ್ಲಿ ಇಲ್ಲ, ಹೊರಗಿನಿಂದ ತಂದು ಕಂಪೈಲ್ ಮಾಡಬೇಕು, ಕರ್ನಲ್ ಅಪ್‌ಡೇಟ್ ಆದಾಗ ಮುರಿದು ಬೀಳುತ್ತದೆ. ನಾಲ್ಕು ಕಾಸಿನ ಯುಎಸ್‌ಬಿ ವೈಫೈ ಡಾಂಗಲ್ ಹಾಕಿಕೊಳ್ಳುವುದೇ ಸುಖ. ಗಡಿಯಾರಕ್ಕೆ ಬ್ಯಾಟರಿಯೂ ಇಲ್ಲ. ನೆಟ್ ಸಿಕ್ಕಿ ಸಮಯ ಸರಿಹೋಗುವವರೆಗೆ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳ (ಸರ್ಟಿಫಿಕೇಟ್) ದೂರು ಬರಬಹುದು, ಅದಕ್ಕೆ ಗಾಬರಿಯಾಗಬೇಡಿ.

ವಿಡಿಯೊ ನೋಡುವ ಆಸೆಯಿಂದ ಈ ಕೆಲಸ ಮಾಡುವವರಿಗೆ ಬೇರೆಯೇ ಮಾತು: ಬೇಡ. ಈ ಚಿಪ್ಪಿನ ಮಾಲಿ-450 ಗ್ರಾಫಿಕ್ಸಿಗೆ ಲಿಮಾ ಡ್ರೈವರ್ 2019ರಲ್ಲಿ ಕರ್ನಲ್ 5.2ರ ಜೊತೆ ಬಂತು, ಡೆಸ್ಕ್‌ಟಾಪ್ ಒಂದು ಮಟ್ಟಿಗೆ ಓಡುತ್ತದೆ. ಆದರೆ ವಿಡಿಯೊ ಡಿಕೋಡ್ ಮಾಡುವ ಭಾಗದ ಕತೆಯೇ ಬೇರೆ. ಅದರ ಡ್ರೈವರ್ ಕರ್ನಲ್‌ನ ಸ್ಟೇಜಿಂಗ್ ಎಂಬ, ಇನ್ನೂ ಪೂರ್ತಿಯಾಗದ ಡ್ರೈವರುಗಳ ಮೂಲೆಯಲ್ಲಿ ಅರೆಬರೆಯಾಗಿ ಕೂತಿದೆ. ಆಂಡ್ರಾಯ್ಡ್‌ನಲ್ಲಿ ಸಲೀಸಾಗಿ ಓಡುತ್ತಿದ್ದ ಸಿನಿಮಾ ಇಲ್ಲಿ ತೆವಳುವುದನ್ನು ನೋಡಬೇಕಾಗುತ್ತದೆ.

ಈಗ ಎಚ್ಚರಿಕೆಯ ಮುಖ್ಯ ಭಾಗ. ವೈಫೈ ಬಗ್ಗೆ, ಸುಳ್ಳು ಲೆಕ್ಕದ ಬಗ್ಗೆ ಮಾರಿದವರಿಗೆ ಬರೆದೆ. ಸುಳ್ಳಿನ ಬಗ್ಗೆ ಒಂದು ಮಾತಿಲ್ಲ. 'ನಿಮ್ಮ ಬಾಕ್ಸಿಗೆ ಹೊಸ ಫರ್ಮ್‌ವೇರ್ ಇದೆ, ಅದನ್ನು ಹಾಕಿದರೆ ಎಲ್ಲ ಸರಿಹೋಗುತ್ತದೆ, ಲಿನಕ್ಸೂ ಚೆನ್ನಾಗಿ ಓಡುತ್ತದೆ' ಅಂತ ಒಂದು ಲಿಂಕ್ ಕಳಿಸಿದರು. ಮಾದರಿಯ ಹೆಸರು ಸರಿಯಾಗಿಯೇ ಇತ್ತು. ಆಮ್ಲಾಜಿಕ್‌ನ ಯುಎಸ್‌ಬಿ ಬರ್ನಿಂಗ್ ಟೂಲ್, ಎರಡೂ ತುದಿ ಗಂಡಾಗಿರುವ ಯುಎಸ್‌ಬಿ ಕೇಬಲ್, ಅವರು ಹೇಳಿದ ಕ್ರಮ. ಶೇಕಡಾ 100 ಆಯಿತು, ಹಸಿರು ಬಣ್ಣ ಬಂತು. ಬಿಚ್ಚಿ ಪವರ್ ಕೊಟ್ಟರೆ ಬಾಕ್ಸ್ ಸತ್ತಿತ್ತು. ಲೋಗೋ ಕೂಡ ಇಲ್ಲ.

ಸೀರಿಯಲ್ ಜೋಡಿಸಿ ನೋಡಿದರೆ ಪಾಪ, ಒದ್ದಾಡುತ್ತಿದೆ: ನಾಲ್ಕಾರು ಸಾಲು ಬರುತ್ತದೆ, ಮೆಮೊರಿ ಸಿದ್ಧಪಡಿಸುವ ಹಂತಕ್ಕೆ ಬಂದು ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ಆ ಫರ್ಮ್‌ವೇರಿನ ಬೂಟ್‌ಲೋಡರ್ (ಬಾಕ್ಸನ್ನು ಎಬ್ಬಿಸುವ ಮೊದಲ ಪ್ರೋಗ್ರಾಮ್) ಬೇರೆ ರ‍್ಯಾಮ್ ಚಿಪ್ಪುಗಳ ಸಮಯದ ಲೆಕ್ಕ ಇಟ್ಟುಕೊಂಡು ಬರೆದದ್ದು. ಒಂದೇ ಹೆಸರಿನ ಬಾಕ್ಸುಗಳಲ್ಲಿ ಕಾರ್ಖಾನೆಗೆ ಆ ವಾರ ಯಾವ ಚಿಪ್ ಅಗ್ಗಕ್ಕೆ ಸಿಕ್ಕಿತೋ ಅದು ಕೂತಿರುತ್ತದೆ. ಹಾಗಾಗಿ ಫರ್ಮ್‌ವೇರಿನ ಹೆಸರು ಹೊಂದಿದರೆ ಏನೂ ಹೊಂದಿದಂತಲ್ಲ. ಬೋರ್ಡಿನ ಮೇಲೆ ಅಚ್ಚಾಗಿರುವ ಸಂಖ್ಯೆ, ರ‍್ಯಾಮ್ ಚಿಪ್ಪಿನ ಬರಹ, ವೈಫೈ ಚಿಪ್ ಇವು ಹೊಂದಬೇಕು.

ಇನ್ನೊಂದು ವಿಪರ್ಯಾಸ ನೋಡಿ. ಇಎಂಎಂಸಿ ಪೂರ್ತಿ ಖಾಲಿಯಾಗಿದ್ದರೆ ಎಷ್ಟೋ ವಾಸಿಯಿತ್ತು. ಚಿಪ್ಪಿನೊಳಗೇ ಕೆತ್ತಿಟ್ಟ ಬೂಟ್‌ರೋಮ್ ಮೊದಲು ಇಎಂಎಂಸಿ ನೋಡುತ್ತದೆ, ಅಲ್ಲಿ ಏನೂ ಸಿಗದಿದ್ದರೆ ಎಸ್‌ಡಿ ಕಾರ್ಡ್, ಯುಎಸ್‌ಬಿ ಕಡೆ ತಿರುಗುತ್ತದೆ. ಆದರೆ ಅಲ್ಲಿ ನೋಡಲು ಸರಿಯಾಗಿಯೇ ಇರುವ, ಓಡಲು ಮಾತ್ರ ಬಾರದ ಬೂಟ್‌ಲೋಡರ್ ಇದ್ದರೆ ಅದನ್ನೇ ಹಿಡಿದು ಕೂರುತ್ತದೆ, ಮುಂದೆ ಹೋಗುವುದೇ ಇಲ್ಲ. ದಾರಿ ಒಂದೇ: ಪವರ್ ಕೊಡುವ ಗಳಿಗೆಯಲ್ಲಿ ಇಎಂಎಂಸಿಯ ಕ್ಲಾಕ್ ಪಿನ್ನನ್ನು ಗ್ರೌಂಡಿಗೆ ತಾಗಿಸಿ ಅದನ್ನು ಕುರುಡು ಮಾಡುವುದು. ಸೂಜಿಯ ಮೊನೆ ಒಂದು ಪ್ಯಾಡ್ ಆಚೀಚೆ ಜಾರಿದರೆ ಅಲ್ಲಿಗೆ ಮುಗಿಯಿತು. ಕೈ ನಡುಗುವವರು ಬೇರೆಯವರಿಂದ ಮಾಡಿಸಿ.

ನನ್ನ ಬಾಕ್ಸ್ ಬದುಕಿದ್ದು ಬ್ಯಾಕಪ್ ಇದ್ದದ್ದರಿಂದ. ಎಸ್‌ಡಿ ಕಾರ್ಡಿನಿಂದ ಆರ್ಮ್‌ಬಿಯನ್ ಎದ್ದ ದಿನವೇ ಡಿಸ್ಕನ್ನು ಇದ್ದಹಾಗೇ ನಕಲು ಮಾಡುವ ಡಿಡಿ ಕಮಾಂಡಿನಿಂದ ಇಎಂಎಂಸಿ ಪೂರ್ತಿಯನ್ನು ಪೆನ್‌ಡ್ರೈವಿಗೆ ಇಳಿಸಿದ್ದೆ. ಆ ಫೈಲಿನ ಮೊದಲ ಕೆಲವು ಎಂಬಿಗಳಲ್ಲಿ ಮೂಲ ಬೂಟ್‌ಲೋಡರ್ ಇರುತ್ತದೆ. ಅದನ್ನು ಎಸ್‌ಡಿ ಕಾರ್ಡಿಗೆ ಬರೆದು, ಸೂಜಿ ಸರ್ಕಸ್ ಮಾಡಿ ಎಬ್ಬಿಸಿ, ಉಳಿದದ್ದನ್ನು ವಾಪಸ್ ತುಂಬಿದೆ. ಆ ಫೈಲ್ ಇಲ್ಲದಿದ್ದರೆ ಈ ಬೋರ್ಡಿಗೆ ಹೊಂದುವ ಫರ್ಮ್‌ವೇರ್ ಅಂತರಜಾಲದಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ಆಮೇಲೆ ಹುಡುಕಿ ನೋಡಿದ್ದೇನೆ, ಇಲ್ಲ.

ಬ್ಯಾಕಪ್ ತೆಗೆಯುವಾಗ, ಇಎಂಎಂಸಿಗೆ ಬರೆಯುವಾಗ ಡಿವೈಸ್ ಸಂಖ್ಯೆಯನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ಒಬ್ಬರ ಬಾಕ್ಸಿನಲ್ಲಿ ಎಸ್‌ಡಿ ಕಾರ್ಡ್ 0 ಆಗಿ ಇಎಂಎಂಸಿ 1 ಆಗಿರುತ್ತದೆ, ಇನ್ನೊಬ್ಬರಲ್ಲಿ ಉಲ್ಟಾ, ಕೆಲವದರಲ್ಲಿ 2. ಗುರುತು ಹಿಡಿಯುವ ಉಪಾಯ ಸುಲಭ: ಡಿಸ್ಕುಗಳ ಪಟ್ಟಿಯಲ್ಲಿ ಯಾವ ಹೆಸರಿನ ಪಕ್ಕ ಬೂಟ್0, ಬೂಟ್1 ಎಂಬ ಎರಡು ಮರಿಗಳು ಕಾಣುತ್ತವೋ ಅದು ಇಎಂಎಂಸಿ. ಎಸ್‌ಡಿ ಕಾರ್ಡಿಗೆ ಆ ಮರಿಗಳಿರುವುದಿಲ್ಲ.

ಇಮೇಜಿನ ಜೊತೆ ಬರುವ, ಇಎಂಎಂಸಿಗೆ ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟನ್ನು ನಾನು ಇವತ್ತಿಗೂ ಓಡಿಸಿಲ್ಲ, ಓಡಿಸುವುದೂ ಇಲ್ಲ. ವೇಗ ಸಿಗುತ್ತದೆ ನಿಜ. ಆದರೆ ಕಾರ್ಡಿನಿಂದ ಓಡಿಸಿದರೆ ಕೆಟ್ಟಾಗ ಕಾರ್ಡ್ ಕಿತ್ತು ಬೇರೆ ಹಾಕಿದರೆ ಆಯಿತು. ಟಿವಿ ಬಾಕ್ಸುಗಳಿಗೆ ಆರ್ಮ್‌ಬಿಯನ್ ತಂಡದ ಅಧಿಕೃತ ಬೆಂಬಲ ಇಲ್ಲ, ನಡೆಯುತ್ತಿರುವುದೆಲ್ಲ ಸ್ವಯಂಸೇವಕರ ಬಲದಿಂದ. ಅವರಿಗೆ ಕರೆ ಮಾಡಿ ಜಗಳವಾಡುವ ಹಕ್ಕು ನಮಗಿಲ್ಲ.

ಹಾಗಾದರೆ ಆಂಡ್ರಾಯ್ಡನ್ನೇ ಇಟ್ಟುಕೊಳ್ಳೋಣವೇ ಅಂತ ಕೇಳಿದರೆ, ಅದೂ ಬೇಡ. 2023ರ ಜನವರಿಯಲ್ಲಿ ಟಿ95 ಎಂಬ ಬಾಕ್ಸಿನಲ್ಲಿ ಮಾಲ್‌ವೇರ್ ಮೊದಲೇ ತುಂಬಿಕೊಂಡು ಬಂದಿದ್ದನ್ನು ಭದ್ರತಾ ತಜ್ಞರೊಬ್ಬರು ಬಯಲಿಗೆಳೆದರು. ಅದು ಆಲ್‌ವಿನ್ನರ್ ಎಚ್616 ಚಿಪ್ಪಿನ ಬಾಕ್ಸ್. ಅದಾದ ಮೇಲೆ ಬ್ಯಾಡ್‌ಬಾಕ್ಸ್ ಎಂಬ ಹೆಸರಿನಲ್ಲಿ ಇಂಥ ಇನ್ನೂ ಹಲವು ಪ್ರಕರಣಗಳು ಹೊರಬಂದವು. ರ‍್ಯಾಮ್ ಲೆಕ್ಕವನ್ನೇ ತಿದ್ದಿದ ಫರ್ಮ್‌ವೇರ್ ಇನ್ನೇನೇನು ತಿದ್ದಿದೆಯೋ ಯಾರು ಬಲ್ಲರು. ನನ್ನ ಮನೆಯ ನೆಟ್‌ವರ್ಕಿಗೆ ಅದನ್ನು ಮತ್ತೆ ಸೇರಿಸಿಲ್ಲ.

ಈಗಾಗಲೇ ಕೊಂಡಿದ್ದರೆ ಹಿಂತಿರುಗಿಸುವ ಗಡುವು ಮುಗಿಯುವ ಮೊದಲೇ ಎಸ್‌ಡಿ ಕಾರ್ಡಿನಿಂದ ಬೂಟ್ ಮಾಡಿ ಕರ್ನಲ್ ಹೇಳುವ ಚಿಪ್ಪಿನ ಹೆಸರು, ರ‍್ಯಾಮ್, ಇಎಂಎಂಸಿ ಗಾತ್ರ ಮೂರೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆದಿಟ್ಟುಕೊಳ್ಳಿ. ಡಿಟಿಬಿ ಒಪ್ಪಿದರೆ ಇದಕ್ಕೆ ಕವಚ ಬಿಚ್ಚಬೇಕಾಗಿಲ್ಲ. ಕಪ್ಪು ಪರದೆಯಾದರೆ ಹಿಂದಿನ ತಲೆಮಾರಿನ ಡಿಟಿಬಿಗಳನ್ನೂ ಹಾಕಿ ನೋಡಿ. ಮಾರಿದವರು ಮೊದಲು ಸ್ವಲ್ಪ ಹಣ ವಾಪಸ್ ಕೊಡುತ್ತೇವೆ, ಬಾಕ್ಸ್ ಇಟ್ಟುಕೊಳ್ಳಿ ಅನ್ನುತ್ತಾರೆ. ಒಪ್ಪಬೇಡಿ, ಒಪ್ಪಿದರೆ ದೂರು ಅಲ್ಲಿಗೇ ಮುಚ್ಚಿಹೋಗುತ್ತದೆ. ನನಗೆ ಆಮೇಲೆ ಬಂದ ಉತ್ತರ 'ನೀವು ಲಿನಕ್ಸ್ ಹಾಕಿದ್ದೀರಿ, ವಾರಂಟಿ ಇಲ್ಲ' ಎಂದು. ಫರ್ಮ್‌ವೇರ್ ಹಾಕಲು ಅವರೇ ಹೇಳಿದ ಸಂದೇಶದ ಸ್ಕ್ರೀನ್‌ಶಾಟನ್ನೂ ಜಾಹೀರಾತಿನ 'ಲಿನಕ್ಸ್ ಹಾಕಬಹುದು' ಸಾಲನ್ನೂ ಅಕ್ಕಪಕ್ಕ ಇಟ್ಟು ಕಳಿಸಿದೆ. ಪೂರ್ತಿ ಹಣ ಬಂತು. ಬಾಕ್ಸ್ ವಾಪಸ್ ಕಳಿಸಿ ಅಂತ ಕೇಳಲೇ ಇಲ್ಲ.